ತಪ್ಪು ಹೆಸರಿನ ಒಂದು ಅಕ್ಷರ: ಪ್ರೋಗ್ರಾಂ ಲೈಬ್ರರಿಗಳ ನಾಮಕರಣ ಚರಿತ್ರೆಯಿಂದ

ಎಲೆಕ್ಟ್ರಾನಿಕ್ ಸಿಟಿಗೆ ಕೆಲವೇ ಮೈಲಿಗಳ ದೂರದಲ್ಲಿರುವ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ ವೀರಗಲ್ಲೊಂದಿದೆ. ಸುಮಾರು ಕ್ರಿ.ಶ. 890ರದೆಂದು ವಿದ್ವಾಂಸರು ಎಣಿಸಿರುವ ಆ ಶಾಸನವು, ಬೆಂಗಳೂರಿನ ಕಾಳಗವನ್ನು ಹೆಸರಿಸುವ ಕಾರಣದಿಂದ ಎಲ್ಲರಿಗೂ ಪರಿಚಿತವಾದುದು. ಆ ಯುಗದ ಕನ್ನಡ ಲಿಪಿಯಲ್ಲಿ ಇಂದಿನ ವರ್ಣಮಾಲೆಯಲ್ಲಿ ಉಳಿದಿಲ್ಲದ ಎರಡು ಅಕ್ಷರಗಳಿದ್ದುವು: ಱ ಮತ್ತು ೞ. ಇವುಗಳಲ್ಲಿ ಎರಡನೆಯದು, 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ಮುಂದಾಳುತನದಲ್ಲಿ ರೂಪಿಸಿದ ಅದೇ ಎಲೆಕ್ಟ್ರಾನಿಕ್ ಸಿಟಿಯ ಗಣಕಗಳಲ್ಲಿ ಇಂದು ತನ್ನದಲ್ಲದ ಹೆಸರಿನಿಂದ ಕರೆಯಲ್ಪಡುತ್ತಿದೆ. ಇದು ಹೇಗಾಯಿತೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರೋಗ್ರಾಂ ಲೈಬ್ರರಿಯೆಂದರೆ, ಒಬ್ಬರು ಬರೆದಿಟ್ಟ ಭಾಗಗಳನ್ನು ಅನ್ಯರು ಹೆಸರು ಹಿಡಿದು ಕರೆದು ಬಳಸಿಕೊಳ್ಳುವ ಸಂಗ್ರಹ. ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ಎಂಬವರು ಸಿಮ್ಯುಲಾ 67 ಭಾಷೆಯಲ್ಲಿ 'ಕ್ಲಾಸ್' ಎಂಬ ಕಲ್ಪನೆಯನ್ನು ತಂದ ಮೇಲೆ, ಇಂಥ ಭಾಗಗಳಿಗೆ ಲೋಕದ ವಸ್ತುಗಳ ಹೆಸರನ್ನೇ ಇಡುವ ರೂಢಿ ಬೆಳೆಯಿತು. ಹೆಸರು ಸುಲಭವಾಯಿತು, ಅದರೊಡನೆ ಮೋಸಹೋಗುವುದೂ ಸುಲಭವಾಯಿತು. 1996ರಲ್ಲಿ ಹೊರಬಂದ ಜಾವಾದ ಮೊದಲ ಆವೃತ್ತಿಯಲ್ಲಿ 'ಡೇಟ್' ಎಂಬ ಕ್ಲಾಸ್ ಇತ್ತು. ಅದು ತಾರೀಖನ್ನಲ್ಲ, ಮಿಲಿಸೆಕೆಂಡುಗಳಲ್ಲಿ ಎಣಿಸಿದ ಒಂದು ಕ್ಷಣವನ್ನು ಸೂಚಿಸುತ್ತಿತ್ತು. ಜನವರಿಯನ್ನು ಸೊನ್ನೆಯ ತಿಂಗಳೆಂದೂ ವರ್ಷವನ್ನು 1900ರಿಂದಾಚೆಗಿನ ಲೆಕ್ಕದಲ್ಲಿಯೂ ಹೇಳುತ್ತಿತ್ತು. ಮರುವರ್ಷವೇ ಅದರ ಹಲವು ಅಂಗಗಳನ್ನು ಬಳಸಬಾರದೆಂದು ಸೂಚಿಸಲಾಯಿತು. 2014ರಲ್ಲಿ ತಾರೀಖಿಗೆ 'ಲೋಕಲ್‌ಡೇಟ್' ಎಂದೂ ಕ್ಷಣಕ್ಕೆ 'ಇನ್‌ಸ್ಟಂಟ್' ಎಂದೂ ಬೇರೆಬೇರೆ ಕ್ಲಾಸುಗಳು ಬಂದುವು. ಆದರೂ ಹಳೆಯ 'ಡೇಟ್' ಅಲ್ಲಿಯೇ ಇದೆ. ಅದನ್ನು ಕರೆಯುವ ಅಸಂಖ್ಯ ಪ್ರೋಗ್ರಾಂಗಳು ನಿಂತುಹೋಗುವ ಭಯದಿಂದ ತೆಗೆಯುವಂತಿಲ್ಲ.

ೞಕಾರದ ಪ್ರಕರಣವೂ ಇದೇ ಬಗೆಯದು. ನಮಗೆ ಹೆಚ್ಚು ಹತ್ತಿರದ್ದು.

ಈ ಧ್ವನಿ ತಮಿಳು ಮಲಯಾಳಗಳಲ್ಲಿ ಇಂದಿಗೂ ಜೀವಂತವಾಗಿದೆ. ಕನ್ನಡದಲ್ಲಿ ಏೞ್ ಎಂಬುದು ಏಳು ಆಯಿತು, ಕೞ್ತೆ ಎಂಬುದು ಕತ್ತೆಯಾಯಿತು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ರೞವುಳ್ಳ ಶಬ್ದಗಳನ್ನು ಪಟ್ಟಿಮಾಡಿರುವುದನ್ನು ನೋಡಿದರೆ, ಆಗಲೇ ಅದು ಪಟ್ಟಿಯಿಂದ ಕಲಿಯಬೇಕಾದ ವಿಷಯವಾಗಿದ್ದಿತೆಂದು ತೋರುತ್ತದೆ. ಹಳಗನ್ನಡ ಪಾಠ ಹೇಳುವವರಿಗೆ ಇದರ ತೊಡಕು ಹೊಸದಲ್ಲ.

ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಗಳಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಶ್ರೇಣಿಯೊಂದು ದೊರೆಯಿತು. ಭಾರತೀಯ ಲಿಪಿಗಳ ಈ ಶ್ರೇಣಿಗಳು 1988ರ ಇಸ್ಕಿ ಸಂಕೇತವನ್ನು ಅನುಸರಿಸಿ, ಒಂದರ ಮಗ್ಗುಲಲ್ಲೊಂದು ಸಮಾನಾಂತರವಾಗಿ ರಚಿತವಾದುವು; ದೇವನಾಗರಿಯ ಕಕಾರವಿರುವ ಸ್ಥಾನದಲ್ಲಿಯೇ ಕನ್ನಡದ ಕಕಾರವೂ ಇರುತ್ತದೆ. ೞಕಾರವನ್ನು 95ನೆಯ ಸ್ಥಾನದಲ್ಲಿಟ್ಟರು. ದೇವನಾಗರಿಯಲ್ಲಿಯೂ ಗುರುಮುಖಿಯಲ್ಲಿಯೂ ಆ ಸ್ಥಾನದಲ್ಲಿರುವುದು ಚುಕ್ಕೆಯುಳ್ಳ ಫಕಾರ, ಎಂದರೆ ಇಂಗ್ಲಿಷಿನ ಎಫ್ ಧ್ವನಿ. ಕನ್ನಡದ ಅಕ್ಷರಕ್ಕೂ 'ಕನ್ನಡ ಲೆಟರ್ ಎಫ್‌ಎ' ಎಂಬ ಹೆಸರೇ ಅಂಟಿತು. ಅಕ್ಷರರೂಪ ೞಕಾರದ್ದು, ಹೆಸರು ಫಕಾರದ್ದು! ವಸ್ತುವನ್ನು ನೋಡದೆ ಸ್ಥಾನವನ್ನು ನೋಡಿ ಹೆಸರಿಟ್ಟುದರ ಫಲವಿದೆಂದು ನಾವು ಊಹಿಸುತ್ತೇವೆ. ಕನ್ನಡದಲ್ಲಿ ಎಫ್ ಧ್ವನಿಗೆ ಪ್ರತ್ಯೇಕಾಕ್ಷರವೇ ಇಲ್ಲ. ಬೇಕಾದವರು ಫಕಾರಕ್ಕೆ ಚುಕ್ಕೆಯಿಟ್ಟು ಬರೆಯುತ್ತಾರೆ, ಬಹುಮಂದಿ ಅದನ್ನೂ ಇಡುವುದಿಲ್ಲ.

ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲವೆಂದಲ್ಲ. ಯೂನಿಕೋಡಿನ ಅಕ್ಷರಪಟ್ಟಿಯೇ ಈ ಹೆಸರು ಪ್ರಮಾದವೆಂದು ಟಿಪ್ಪಣಿ ಕೊಡುತ್ತದೆ. ಆದರೆ 1996ರ ಎರಡನೆಯ ಆವೃತ್ತಿಯಿಂದೀಚೆಗೆ ಒಮ್ಮೆ ಇಟ್ಟ ಅಕ್ಷರನಾಮವನ್ನು ಬದಲಿಸಕೂಡದೆಂಬ ನಿಯಮವಿದೆ. ಈ ನಿಯಮವನ್ನು ಹಠವೆಂದು ದೂಷಿಸುವುದು ನ್ಯಾಯವಲ್ಲ. ಹೆಸರು ಇಲ್ಲಿ ಬರಿಯ ವಿವರಣೆಯಲ್ಲ, ಪ್ರೋಗ್ರಾಂಗಳು ಹಿಡಿದುಕೊಂಡಿರುವ ಕೀಲಿ. ಆದಕಾರಣ ಹಳೆಯ ಹೆಸರನ್ನು ಉಳಿಸಿಕೊಂಡೇ 'ಕನ್ನಡ ಲೆಟರ್ ಎಲ್ಎಲ್ಎಲ್ಎ' ಎಂಬ ತಿದ್ದುಪಡಿಯ ಉಪನಾಮವನ್ನು ಸೇರಿಸಲಾಯಿತು. ತಮಿಳು ಮಲಯಾಳಗಳ ಅದೇ ಅಕ್ಷರಕ್ಕೆ ಮೊದಲಿನಿಂದಲೂ ಇರುವ ಹೆಸರಿದು.

ವೈಟ್‌ಫೀಲ್ಡಿನಲ್ಲಿಯೋ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೋ ಕುಳಿತ ಪ್ರೋಗ್ರಾಮರನು ಪೈಥಾನ್ ಲೈಬ್ರರಿಗೆ ೞ ಎಂಬುದನ್ನು ಕೊಟ್ಟು ಹೆಸರು ಕೇಳಿದರೆ, ಇಂದಿಗೂ 'ಎಫ್‌ಎ' ಎಂಬ ಉತ್ತರವೇ ಬರುತ್ತದೆ. ಸರಿಯಾದ ಉಪನಾಮವನ್ನು ಕೊಟ್ಟು ಅಕ್ಷರ ಕೇಳಿದರೆ, 2012ರಿಂದೀಚೆಗಿನ ಆವೃತ್ತಿಗಳು ೞವನ್ನೇ ಕೊಡುತ್ತವೆ. ಎಂದರೆ ಉತ್ತರವನ್ನು ಮೊದಲೇ ಬಲ್ಲವನಿಗೆ ಮಾತ್ರ ಲೈಬ್ರರಿ ಸತ್ಯ ನುಡಿಯುತ್ತದೆ. ಹಳಗನ್ನಡ ಕಾವ್ಯಗಳ ಅಕ್ಷರಾವೃತ್ತಿಯನ್ನು ಯಂತ್ರದಿಂದ ಎಣಿಸಲೆಳಸುವ ವಿದ್ಯಾರ್ಥಿಯ ಕೋಷ್ಟಕದಲ್ಲಿ, ಹೆಸರಿನ ಕಾಲಮಿನ ದೆಸೆಯಿಂದ, ಪಂಪನು ಎಫ್ ಧ್ವನಿಯನ್ನು ಧಾರಾಳವಾಗಿ ಬಳಸಿದಂತೆ ಕಂಡೀತು. ಅಂಥ ಕೋಷ್ಟಕದಲ್ಲಿ ಹೆಸರಿನ ಬದಲು ಅಕ್ಷರರೂಪವನ್ನೇ ನಮೂದಿಸುವುದು ಲೇಸು.

ತೆಲುಗಿನವರ ಹಳೆಯ ೞಕಾರ ಯೂನಿಕೋಡಿಗೆ ತಡವಾಗಿ, 2014ರಲ್ಲಿ, ಸೇರಿತು. ತಡವಾದುದರ ಲಾಭವೂ ಅವರಿಗೆ ದೊರೆಯಿತು: ತಮಿಳು ಮಲಯಾಳಗಳಲ್ಲಿರುವಂತೆಯೇ 53ನೆಯ ಸ್ಥಾನ, ಸರಿಯಾದ ಹೆಸರು. ಕನ್ನಡ ಶ್ರೇಣಿಯ 53ನೆಯ ಸ್ಥಾನ ಇಂದಿಗೂ ಬರಿದಾಗಿದೆ.