ಮೂಲಸಂಕೇತವೋ, ಸಿದ್ಧ ಪೊಟ್ಟಣವೋ: ತಂತ್ರಾಂಶದಲ್ಲಿ ನಂಬಿಕೆಯ ಇತಿಹಾಸ

ಸಾರಿನ ಪುಡಿಯನ್ನು ಮನೆಯಲ್ಲೇ ಹುರಿದು ಪುಡಿಮಾಡಬೇಕೋ, ಅಂಗಡಿಯ ಪೊಟ್ಟಣವೇ ಸಾಕೋ ಎಂಬ ವಾದ ನಮ್ಮ ಸದಸ್ಯ ಕುಟುಂಬಗಳಿಗೆ ಹೊಸದಲ್ಲ. ನಮ್ಮಲ್ಲಿ ಅನೇಕರ ಜೀವನೋಪಾಯವಾದ ತಂತ್ರಾಂಶ ಲೋಕದಲ್ಲಿಯೂ ಇಂಥದೇ ವಾದವೊಂದು ದಶಕಗಳಿಂದ ನಡೆದುಬಂದಿದೆ. ಮನುಷ್ಯರು ಓದಬಲ್ಲ ಮೂಲಸಂಕೇತವನ್ನು, ಅಂದರೆ ಸೋರ್ಸ್ ಕೋಡನ್ನು, ತಂದು ನಮ್ಮ ಗಣಕದಲ್ಲೇ ಕಂಪೈಲ್ ಮಾಡಿಕೊಳ್ಳಬೇಕೇ? ಇಲ್ಲವೇ ಇನ್ನೊಬ್ಬರು ಸಿದ್ಧಪಡಿಸಿಟ್ಟ ಪ್ಯಾಕೇಜನ್ನು ಸ್ಥಾಪಿಸಿದರೆ ಸಾಕೇ? ಮೇಲ್ನೋಟಕ್ಕೆ ಇದು ಅನುಕೂಲದ ಪ್ರಶ್ನೆ. ಇತಿಹಾಸವನ್ನು ನೋಡಿದರೆ ಇದು ನಂಬಿಕೆಯ ಪ್ರಶ್ನೆಯೆಂದು ನನಗೆ ತೋರುತ್ತದೆ.

ಆರಂಭದಲ್ಲಿ ಈ ಭೇದವೇ ಅಷ್ಟಾಗಿ ಇರಲಿಲ್ಲ. 1955ರಲ್ಲಿ ಐಬಿಎಂ ಗಣಕಗಳ ಬಳಕೆದಾರರು ‘ಶೇರ್’ ಎಂಬ ಸಂಘವನ್ನು ಕಟ್ಟಿಕೊಂಡು, ತಾವು ಬರೆದ ಕ್ರಮವಿಧಿಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದರು. ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಐಬಿಎಂ ಘೋಷಿಸಿದ್ದು 1969ರ ಜೂನ್‌ನಲ್ಲಿ. ಇನ್ನು ಮುಂದೆ ಮೂಲಸಂಕೇತವನ್ನು ಕೊಡುವುದಿಲ್ಲವೆಂಬ ನೀತಿಯನ್ನು ಅದು ಪ್ರಕಟಿಸಿದ್ದು 1983ರಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. ಒಂದು ಬಾಗಿಲು ಮುಚ್ಚಿದ ವರ್ಷವೇ ಇನ್ನೊಂದು ತೆರೆಯಿತು.

ಆದರೆ ಎಲ್ಲರೂ ಎಲ್ಲವನ್ನೂ ಕಂಪೈಲ್ ಮಾಡುತ್ತ ಕೂರುವುದು ಸಾಧ್ಯವಿರಲಿಲ್ಲ. 1993ರಲ್ಲಿ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಹುಟ್ಟಿಕೊಂಡವು. ಒಂದು ಪ್ಯಾಕೇಜಿಗೆ ಬೇಕಾದ ಇತರ ಪ್ಯಾಕೇಜುಗಳನ್ನೂ ತಾನೇ ಹುಡುಕಿ ತರುವ ‘ಆಪ್ಟ್’ 1999ರ ಡೆಬಿಯನ್ 2.1ರೊಂದಿಗೆ ಬಂದಿತು. ಪ್ರತಿವಾದಿಗಳೂ ಇದ್ದರು: 2002ರಲ್ಲಿ ತನ್ನ 1.0 ಆವೃತ್ತಿಯನ್ನು ಹೊರತಂದ ಜೆಂಟೂ, ಪ್ರತಿಯೊಂದನ್ನೂ ಬಳಕೆದಾರನ ಗಣಕದಲ್ಲಿಯೇ ಕಂಪೈಲ್ ಮಾಡುವ ಪದ್ಧತಿಯನ್ನು ಅನುಸರಿಸಿತು. ರಾತ್ರಿಯಿಡೀ ಗಣಕ ಬಿಸಿಯಾಗುತ್ತಿದ್ದುದನ್ನು ಕಂಡವರು ನಮ್ಮ ಸಂಘದಲ್ಲಿಯೂ ಇರಬಹುದು.

ಮೂಲಸಂಕೇತ ಕೈಯಲ್ಲಿದ್ದರೆ ಮೋಸವಿಲ್ಲವೆಂಬ ವಿಶ್ವಾಸಕ್ಕೆ ಮೊದಲ ಪೆಟ್ಟು ಕೊಟ್ಟವರು ಯುನಿಕ್ಸ್‌ನ ಜನಕರಲ್ಲೊಬ್ಬರಾದ ಕೆನ್ ಥಾಂಪ್ಸನ್. 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಅವರು ತೋರಿಸಿದ್ದು ಇದನ್ನು: ಕಂಪೈಲರ್ ಒಂದನ್ನು ಕೆಡಿಸಿದರೆ ಅದು ಲಾಗಿನ್ ಕ್ರಮವಿಧಿಯಲ್ಲಿ ಗುಪ್ತದ್ವಾರವನ್ನು ಸೇರಿಸಬಲ್ಲದು, ತನ್ನನ್ನೇ ಮರಳಿ ಕಂಪೈಲ್ ಮಾಡುವಾಗ ಆ ಕೆಡುಕನ್ನು ಮುಂದಿನ ಕಂಪೈಲರಿಗೂ ದಾಟಿಸಬಲ್ಲದು. ಮೂಲಸಂಕೇತವನ್ನು ಎಷ್ಟು ಓದಿದರೂ ಅದರ ಸುಳಿವು ಸಿಗದು. ಧಾನ್ಯ ಶುದ್ಧವಾಗಿದ್ದು ಬೀಸುವ ಕಲ್ಲಿನಲ್ಲೇ ವಿಷವಿದ್ದಂತೆ.

ನಲವತ್ತು ವರ್ಷಗಳ ಬಳಿಕ ಅಪಾಯ ಬೇರೊಂದು ರೂಪದಲ್ಲಿ ಬಂದಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ದೂರದ ಗಣಕಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದನ್ನು ಗಮನಿಸಿ, ಕಾರಣವನ್ನು ಕೆದಕುತ್ತ ಹೋದರು. ‘ಎಕ್ಸ್‌ಜೆಡ್’ ಎಂಬ ಸಂಕೋಚನ ತಂತ್ರಾಂಶದಲ್ಲಿ ಗುಪ್ತದ್ವಾರ ಸಿಕ್ಕಿತು. ಒಬ್ಬರೇ ಸ್ವಯಂಸೇವಕರು ದಣಿದು ನಡೆಸುತ್ತಿದ್ದ ಯೋಜನೆಯದು. ಸಹಾಯಕ್ಕೆಂದು ಬಂದ ಅಜ್ಞಾತ ವ್ಯಕ್ತಿಯೊಬ್ಬ ಎರಡು ವರ್ಷಗಳಿಗೂ ಹೆಚ್ಚು ಕಾಲ ವಿಶ್ವಾಸ ಗಳಿಸಿ ಈ ಕೃತ್ಯವೆಸಗಿದ್ದ. ಕೆಡುಕಿಗೆ ಚಾಲನೆ ಕೊಡುವ ಸಾಲುಗಳು ಎಲ್ಲರೂ ನೋಡುವ ಸಂಕೇತ ಭಂಡಾರದಲ್ಲಿರಲಿಲ್ಲ. ಬಿಡುಗಡೆಗೆಂದು ಕಟ್ಟಿದ ಕಡತದಲ್ಲಿ ಮಾತ್ರ ಇದ್ದವು. ಅವು ಎಚ್ಚರಗೊಳ್ಳುತ್ತಿದ್ದುದು ಡೆಬಿಯನ್ ಅಥವಾ ರೆಡ್‌ಹ್ಯಾಟ್ ಮಾದರಿಯ ಪ್ಯಾಕೇಜನ್ನು ಕಟ್ಟುವಾಗ. ಪೊಟ್ಟಣ ಕಟ್ಟುವ ಕೈಗಳನ್ನೇ ಗುರಿಯಾಗಿಸಿದ ಸಂಚು ಅದು.

ಇದಕ್ಕೆ ಪರಿಹಾರವೆಂದು ನನಗೆ ಕಾಣುವುದು ಪೊಟ್ಟಣವನ್ನು ತ್ಯಜಿಸುವುದಲ್ಲ, ಅದನ್ನು ತಾಳೆನೋಡುವುದು. ಡೆಬಿಯನ್ ಬಳಗ 2013ರಿಂದ ಇದರಲ್ಲಿ ತೊಡಗಿದೆ: ಒಂದೇ ಮೂಲಸಂಕೇತದಿಂದ ಯಾರು ಎಲ್ಲಿ ಕಟ್ಟಿದರೂ ಒಂದು ಬಿಟ್ಟೂ ವ್ಯತ್ಯಾಸವಿಲ್ಲದ ಪ್ಯಾಕೇಜು ಬರಬೇಕು. ಥಾಂಪ್ಸನ್ ಎತ್ತಿದ ಬೀಸುಕಲ್ಲಿನ ಸಂಶಯಕ್ಕೆ ಗಿಕ್ಸ್ ಎಂಬ ಬಳಗ 2023ರಲ್ಲಿ ಇನ್ನಷ್ಟು ಆಳಕ್ಕಿಳಿದು, ಕೇವಲ 357 ಬೈಟುಗಳ ಬೀಜದಿಂದ ಮೊದಲುಗೊಂಡು, ಹಂತಹಂತವಾಗಿ ಆಧುನಿಕ ಕಂಪೈಲರುಗಳವರೆಗೆ ಎಲ್ಲವನ್ನೂ ಮೂಲಸಂಕೇತದಿಂದಲೇ ಕಟ್ಟಿ ತೋರಿಸಿತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಆ ಲೆಕ್ಕದಲ್ಲಿ ಆ ಬೀಜ ಈ ಬರಹದ ಎರಡು ಸಾಲುಗಳಷ್ಟು. ಅದನ್ನು ಒಬ್ಬ ಮನುಷ್ಯ ಕುಳಿತು, ಬೈಟು ಬೈಟಾಗಿ, ಓದಿ ಮುಗಿಸಬಹುದು.