ಮೊದಲೇ ಇದ್ದುದಕ್ಕೊಂದು ಸ್ಥಾನ

ತಂತ್ರಾಂಶವನ್ನು ರಚಿಸಿದವರ ಕೀರ್ತಿಯನ್ನು ವರ್ಣಿಸುವ ಗ್ರಂಥಗಳು ಬೇಕಾದಷ್ಟುಂಟು. ಆದರೆ ಒಬ್ಬರು ರಚಿಸಿದ ತಂತ್ರಾಂಶವನ್ನು ಬೇರೊಂದು ಊರಿನ, ಬೇರೊಂದು ಜಾತಿಯ ಯಂತ್ರದ ಮೇಲೆ ಕಟ್ಟಿ ನಿಲ್ಲಿಸಿ, ಅಲ್ಲಿಯೂ ಅದು ನಡೆಯುವಂತೆ ಮಾಡುವವರ ಕಸುಬಿನ ಕಡೆಗೆ ಚರಿತ್ರಕಾರರ ದೃಷ್ಟಿ ಅಷ್ಟಾಗಿ ಹರಿದಿಲ್ಲ. ಆ ಕಸುಬಿನವರನ್ನು ಕಾಡಿದ ಪ್ರಶ್ನೆಗಳಲ್ಲೆಲ್ಲ ಹಳೆಯದೂ ಹಟಮಾರಿಯೂ ಆದುದು ಒಂದುಂಟು: ಯಂತ್ರದೊಡನೆಯೇ ಬಂದಿರುವ ಲೈಬ್ರರಿಗಳನ್ನೂ ಕಂಪೈಲರನ್ನೂ ನಂಬಿ ಅವುಗಳ ಮೇಲೆ ಕಟ್ಟಬೇಕೆ, ಇಲ್ಲವೆ ತಳಪಾಯದಿಂದ ಶಿಖರದವರೆಗೆ ಸಮಸ್ತವನ್ನೂ ತಾನೇ ಕಟ್ಟಿಕೊಳ್ಳಬೇಕೆ? ಸುಮಾರು ಎಪ್ಪತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳ ಪರಂಪರೆಯನ್ನು ಅವಲೋಕಿಸಿದರೆ, ಎರಡು ಪಕ್ಷಗಳಲ್ಲಿ ಯಾವುದೂ ಪೂರ್ಣವಾಗಿ ಗೆಲ್ಲಲಿಲ್ಲವೆಂಬುದೂ, ಮೊದಲೇ ಇರುವುದನ್ನು ಇದೆಯೆಂದು ಬರೆದಿಡಲು ಒಂದು ನಿಯತವಾದ ಸ್ಥಾನ ಏರ್ಪಟ್ಟ ಮೇಲೆಯೇ ಕಸುಬು ಶಾಸ್ತ್ರದ ಮಟ್ಟಕ್ಕೆ ಏರಿತೆಂಬುದೂ ಮನವರಿಕೆಯಾಗುತ್ತವೆ.

ಆರಂಭದ ದಿನಗಳಲ್ಲಿ ಪ್ರಶ್ನೆಗೆ ಇಷ್ಟು ತೀಕ್ಷ್ಣತೆಯಿರಲಿಲ್ಲ. ೧೯೫೫ರಲ್ಲಿ ಐಬಿಎಂ ೭೦೪ ಯಂತ್ರದ ಬಳಕೆದಾರರು ಅಮೆರಿಕದಲ್ಲಿ ‘ಷೇರ್’ ಎಂಬ ಬಳಗವನ್ನು ಕಟ್ಟಿಕೊಂಡು ಪ್ರೋಗ್ರಾಮುಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳತೊಡಗಿದಾಗ, ಕೊಡುವವರದೂ ಕೊಳ್ಳುವವರದೂ ಒಂದೇ ಬಗೆಯ ಯಂತ್ರವಾಗಿದ್ದುದರಿಂದ, ಒಬ್ಬರಲ್ಲಿ ನಡೆದದ್ದು ಇನ್ನೊಬ್ಬರಲ್ಲಿಯೂ ಬಹುಮಟ್ಟಿಗೆ ನಡೆಯುತ್ತಿತ್ತು. ೧೯೫೭ರಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಫಾರ್ಟ್ರಾನ್ ಕಂಪೈಲರನ್ನು ಹೊರತಂದ ಮೇಲೆ, ಆ ಭಾಷೆಯ ಯಶಸ್ಸನ್ನು ಕಂಡು ಇತರ ಯಂತ್ರನಿರ್ಮಾಪಕರೂ ತಮ್ಮ ತಮ್ಮ ಫಾರ್ಟ್ರಾನ್ ಕಂಪೈಲರುಗಳನ್ನು ರಚಿಸಿದರು; ಭಾಷೆ ಒಂದೇ ಆದರೂ ಅದರಿಂದ ಹುಟ್ಟುವ ಯಂತ್ರಸಂಕೇತದ ರೂಢಿಗಳು ಕಂಪೈಲರಿಗೊಂದೊಂದಾದವು. ೧೯೭೯ರಲ್ಲಿ ರೇಖೀಯ ಬೀಜಗಣಿತದ ಮೂಲ ಕ್ರಿಯೆಗಳನ್ನು ಬ್ಲಾಸ್ ಎಂಬ ಹೆಸರಿನಲ್ಲಿ ಸರ್ವಸಮ್ಮತವಾಗಿ ನಿರೂಪಿಸಿದ ಮೇಲಂತೂ, ಕರೆಯುವ ವಿಧಾನ ಒಂದು, ಒಳಗಿನ ರಚನೆ ನಿರ್ಮಾಪಕನಿಗೊಂದು ಎಂಬ ಹೊಸ ಸ್ಥಿತಿ ಉದಿಸಿತು. ೧೯೮೫ರಲ್ಲಿ ಜ್ಯಾಕ್ ಡಾಂಗಾರಾ ಮತ್ತು ಎರಿಕ್ ಗ್ರಾಸ್ ಸ್ಥಾಪಿಸಿದ ನೆಟ್‌ಲಿಬ್, ಇ-ಮೇಲಿನಲ್ಲಿ ಹೆಸರು ಬರೆದು ಕೇಳಿದವರಿಗೆ ಮರುಟಪಾಲಿನಲ್ಲಿಯೇ ಮೂಲಪಾಠವನ್ನು ಕಳುಹಿಸುತ್ತಿತ್ತು. ಪಾಠ ಕೈಸೇರುವುದು ಇಷ್ಟು ಸುಲಭವಾದುದರಿಂದ, ಯಂತ್ರದವರು ಕೊಟ್ಟ ಬ್ಲಾಸೋ ತಾನು ತರಿಸಿಕೊಂಡ ಬ್ಲಾಸೋ ಎಂಬ ಆಯ್ಕೆ ಪ್ರತಿಯೊಬ್ಬ ವಿಜ್ಞಾನಿಯ ಮೇಜಿನ ಮೇಲೂ ಬಂದು ಕುಳಿತಿತು.

ಈ ಆಯ್ಕೆಯಲ್ಲಿ ಎಡವುವುದು ಎಷ್ಟು ಸಣ್ಣ ಕಲ್ಲಿಗೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಎರಡು ಮಾತೃಕೆಗಳನ್ನು ಗುಣಿಸುವ ‘ಡಿಜೆಮ್’ ಎಂಬ ಉಪಕ್ರಿಯೆ ಬ್ಲಾಸ್ ಕುಟುಂಬದಲ್ಲಿ ಸುಪ್ರಸಿದ್ಧವಾದುದು. ಯುನಿಕ್ಸ್ ಲೋಕದ ಅನೇಕ ಫಾರ್ಟ್ರಾನ್ ಕಂಪೈಲರುಗಳು ಅದರ ಹೆಸರನ್ನು ಸಣ್ಣಕ್ಷರಗಳಲ್ಲಿ ಬರೆದು ಬಾಲಕ್ಕೆ ಒಂದು ಅಡಿಗೆರೆಯನ್ನು ಸೇರಿಸುತ್ತವೆ. ಐಬಿಎಂನವರ ಕಂಪೈಲರ್ ತಾನಾಗಿ ಅಡಿಗೆರೆಯನ್ನು ಸೇರಿಸುವುದಿಲ್ಲ. ಹಳೆಯ ಕ್ರೇ ಯಂತ್ರಗಳಲ್ಲಿ ಅದೇ ಹೆಸರು ದೊಡ್ಡಕ್ಷರಗಳಲ್ಲಿ ನಿಲ್ಲುತ್ತಿತ್ತು. ಒಂದು ಕಂಪೈಲರಿನಿಂದ ಲೈಬ್ರರಿಯನ್ನೂ ಇನ್ನೊಂದರಿಂದ ಪ್ರೋಗ್ರಾಮನ್ನೂ ಕಟ್ಟಿ ಜೋಡಿಸಹೊರಟವನಿಗೆ, ಲೈಬ್ರರಿ ಕಣ್ಣೆದುರಿಗೇ ಇದ್ದರೂ ಅಂಥ ಹೆಸರಿನದು ಎಲ್ಲಿಯೂ ಇಲ್ಲವೆಂಬ ಉತ್ತರವನ್ನು ಲಿಂಕರ್ ನಿರ್ದಾಕ್ಷಿಣ್ಯವಾಗಿ ಕೊಡುತ್ತಿತ್ತು. ಫಾರ್ಟ್ರಾನ್ ೯೦ರಲ್ಲಿ ಮಾಡ್ಯೂಲುಗಳು ಬಂದ ಮೇಲೆ ಅವುಗಳ ಕಡತಗಳನ್ನು ಒಂದು ಕಂಪೈಲರ್ ಬರೆದರೆ ಇನ್ನೊಂದು ಓದಲಾರದೆಂಬ ತೊಡಕು ಇದಕ್ಕೆ ಸೇರಿತು. ೨೦೧೫ರಲ್ಲಿ ಜಿಸಿಸಿಯ ಐದನೆಯ ಆವೃತ್ತಿ ಸಿ ಪ್ಲಸ್ ಪ್ಲಸ್ ಭಾಷೆಯ ಸ್ಟ್ರಿಂಗುಗಳ ಒಳರಚನೆಯನ್ನು ಬದಲಿಸಿದಾಗ, ಒಂದೇ ಕಂಪೈಲರಿನ ಎರಡು ತಲೆಮಾರುಗಳ ನಡುವೆಯೂ ಅದೇ ಬಗೆಯ ವೈಮನಸ್ಯ ತಲೆದೋರಿತು. ಆದುದರಿಂದ ಯಾವ ಲೈಬ್ರರಿ ಎಂಬ ಪ್ರಶ್ನೆಯ ಬೆನ್ನಿಗೇ, ಯಾವ ಕಂಪೈಲರಿನಿಂದ ಕಟ್ಟಿದ ಲೈಬ್ರರಿ ಎಂಬ ಪ್ರಶ್ನೆಯೂ ಸದಾ ಅಂಟಿಕೊಂಡಿತ್ತು.

ಇದಕ್ಕೆ ಒದಗಿದ ಉಪಕರಣಗಳು ಒಂದೊಂದೂ ಭಾರದ ಒಂದಂಶವನ್ನು ಮಾತ್ರ ಹೊತ್ತವು. ೧೯೭೬ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೂಅರ್ಟ್ ಫೆಲ್ಡ್‌ಮನ್ ರಚಿಸಿದ ‘ಮೇಕ್’, ಯಾವುದನ್ನು ಯಾವುದರ ಅನಂತರ ಕಟ್ಟಬೇಕೆಂಬ ಕ್ರಮವನ್ನು ವಹಿಸಿಕೊಂಡಿತು. ಯಂತ್ರದಲ್ಲಿ ಏನಿದೆಯೆಂಬುದನ್ನು ತಿಳಿದು ಮೇಕ್‌ಫೈಲನ್ನು ಕೈಯಾರೆ ತಿದ್ದುವ ಕೆಲಸ ಕಟ್ಟುವವನಿಗೇ ಉಳಿಯಿತು. ೧೯೯೧ರಲ್ಲಿ ಡೇವಿಡ್ ಮೆಕೆನ್ಜಿ ಆರಂಭಿಸಿದ ಆಟೋಕಾನ್ಫ್, ಸಣ್ಣ ಸಣ್ಣ ಪರೀಕ್ಷಾ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಿ ನೋಡಿ, ಈ ಯಂತ್ರದಲ್ಲಿ ಇಂಥದು ಇದೆ, ಇಂಥದು ಇಲ್ಲ ಎಂದು ತಾನೇ ನಿರ್ಣಯಿಸುವ ‘ಕಾನ್ಫಿಗರ್’ ಸ್ಕ್ರಿಪ್ಟುಗಳನ್ನು ಹುಟ್ಟಿಸಿತು. ಇಷ್ಟದ ಕಂಪೈಲರನ್ನೂ, ಇಷ್ಟದ ಲೈಬ್ರರಿಯ ಜಾಗವನ್ನೂ ಆಜ್ಞೆಯ ಸಾಲಿನಲ್ಲಿ ಸೂಚಿಸುವ ಅನುಕೂಲವನ್ನೂ ಅದು ಒದಗಿಸಿತು. ಅದೇ ವರ್ಷ ಜಾನ್ ಫರ್ಲಾನಿ ಪ್ರಕಟಿಸಿದ ಮಾಡ್ಯೂಲ್ಸ್ ವ್ಯವಸ್ಥೆಯಿಂದ, ಒಂದೇ ಯಂತ್ರದಲ್ಲಿ ಹಲವು ಕಂಪೈಲರುಗಳನ್ನೂ ಲೈಬ್ರರಿಗಳನ್ನೂ ಇಟ್ಟುಕೊಂಡು, ಬೇಕಾದುದನ್ನು ಒಂದು ಆಜ್ಞೆಯಿಂದ ಮುನ್ನೆಲೆಗೆ ತರುವುದು ಸಾಧ್ಯವಾಯಿತು. ಆದಾಗ್ಯೂ, ಕಟ್ಟುವಾಗ ಯಾವ ಮಾಡ್ಯೂಲುಗಳು ಲೋಡ್ ಆಗಿದ್ದವು, ಆಜ್ಞೆಯ ಸಾಲಿನಲ್ಲಿ ಏನನ್ನು ಬರೆದಿತ್ತು ಎಂಬ ವೃತ್ತಾಂತವೆಲ್ಲ ಯಂತ್ರವನ್ನು ನೋಡಿಕೊಳ್ಳುವವನ ನೆನಪಿನಲ್ಲಿಯೋ, ಅವನ ಸ್ವಂತದ ಸ್ಕ್ರಿಪ್ಟಿನಲ್ಲಿಯೋ ಅಡಗಿರುತ್ತಿದ್ದು, ಅವನು ಬೇರೆ ಕೆಲಸಕ್ಕೆ ಹೊರಟುಹೋದರೆ ಆ ಜ್ಞಾನವೂ ಅವನೊಡನೆಯೇ ಹೊರಟುಹೋಗುತ್ತಿತ್ತು.

ಇತ್ತ ಸಾಮಾನ್ಯ ಗಣಕಗಳ ಲೋಕದಲ್ಲಿ, ೧೯೯೩ರಲ್ಲಿ ಹುಟ್ಟಿದ ಡೆಬಿಯನ್ ಮೊದಲಾದ ವಿತರಣೆಗಳು ಬೇರೊಂದು ಮಾರ್ಗವನ್ನು ಹಿಡಿದವು: ವಿತರಕರು ತಮಗೆ ಸರಿಕಂಡ ಕಂಪೈಲರಿನಿಂದ ಎಲ್ಲವನ್ನೂ ಕಟ್ಟಿ, ಪರಸ್ಪರ ಹೊಂದುವಂತೆ ನೋಡಿಕೊಂಡು, ಸಿದ್ಧರೂಪದಲ್ಲಿ ಹಂಚುವರು, ಬಳಸುವವನು ಅದನ್ನು ಹಾಗೆಯೇ ಸ್ವೀಕರಿಸುವನು. ಇದಕ್ಕೆ ಸಂಪೂರ್ಣ ವಿರುದ್ಧವಾದ ತತ್ತ್ವವನ್ನು, ೨೦೦೩ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಈಲ್ಕೋ ಡಾಲ್ಸ್‌ಟ್ರಾ ಆರಂಭಿಸಿದ ನಿಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರ್ ಪ್ರತಿಪಾದಿಸಿತು. ಯಂತ್ರದಲ್ಲಿ ಮೊದಲೇ ಇರುವ ಯಾವುದನ್ನೂ ನಿಕ್ಸ್ ನಂಬುವುದಿಲ್ಲ. ಕಂಪೈಲರನ್ನೂ ಸಿ ಲೈಬ್ರರಿಯನ್ನೂ ಕೂಡ ತನ್ನದನ್ನೇ ತರುತ್ತದೆ. ಕಟ್ಟಿದ ಪ್ರತಿಯೊಂದನ್ನೂ, ಅದಕ್ಕೆ ಬಳಸಿದ ಸಮಸ್ತ ಸಾಮಗ್ರಿಯಿಂದ ಗಣಿಸಿದ ಒಂದು ಹ್ಯಾಷನ್ನು ಹೆಸರಿಗೆ ಸೇರಿಸಿ, ಪ್ರತ್ಯೇಕ ಡೈರೆಕ್ಟರಿಯಲ್ಲಿ ಇಡುತ್ತದೆ. ಈ ಮಡಿವಂತಿಕೆಯಿಂದ ಲಭಿಸುವ ಪ್ರಯೋಜನ ಅಲ್ಪವಲ್ಲ: ಇಂದು ಕಟ್ಟಿದ್ದನ್ನು ಬೇರೊಂದು ಕಡೆ ಅದೇ ಸಾಮಗ್ರಿಯಿಂದ ಮತ್ತೆ ಕಟ್ಟಬಹುದು, ಒಂದರ ಎರಡು ಆವೃತ್ತಿಗಳು ಜಗಳವಿಲ್ಲದೆ ಒಟ್ಟಿಗೆ ಬಾಳಬಹುದು.

ಆದರೆ ಸೂಪರ್‌ಕಂಪ್ಯೂಟರುಗಳಲ್ಲಿ ಈ ಮಡಿ ನಡೆಯುವಂತಿರಲಿಲ್ಲ. ಅಲ್ಲಿ ಸಾವಿರಾರು ಪ್ರೊಸೆಸರುಗಳು ತಮ್ಮೊಳಗೆ ಸಂದೇಶಗಳನ್ನು ಸಾಗಿಸಲು ಬಳಸುವ ಎಂಪಿಐ ಲೈಬ್ರರಿ ಆ ಯಂತ್ರದ ಜಾಲಕ್ಕೆಂದೇ ಹದಗೊಳಿಸಿದ್ದಾಗಿರುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೧೫ರಲ್ಲಿ ನೆಲೆಗೊಂಡ ಸಹಸ್ರ-ಟಿ ಎಂಬ ಕ್ರೇ ಎಕ್ಸ್‌ಸಿ೪೦ ಯಂತ್ರವನ್ನೇ ತೆಗೆದುಕೊಂಡರೆ, ಆ ಜಾತಿಯ ಯಂತ್ರಗಳಿಗೆ ಏರೀಸ್ ಎಂಬ ವಿಶೇಷ ಜಾಲವೂ, ಅದಕ್ಕೆ ಹೊಂದುವಂತೆ ನಿರ್ಮಾಪಕರೇ ಕಟ್ಟಿಕೊಟ್ಟ ಎಂಪಿಐಯೂ, ಕ್ರೇ, ಗ್ನೂ, ಇಂಟೆಲ್ ಎಂದು ಬದಲಾಯಿಸಿಕೊಳ್ಳಬಹುದಾದ ಕಂಪೈಲರ್ ಪರಿಸರಗಳೂ ಉಂಟು. ಅಂಥಲ್ಲಿ ಶುದ್ಧಿಯ ಹೆಸರಿನಲ್ಲಿ ನಿರ್ಮಾಪಕರ ಎಂಪಿಐಯನ್ನು ಬಿಟ್ಟು ಬೇರೊಂದನ್ನು ಮೂಲಪಾಠದಿಂದ ಕಟ್ಟಿಕೊಳ್ಳುವುದೆಂದರೆ, ಬೆಲೆಕೊಟ್ಟು ತಂದ ಜಾಲದ ವೇಗವನ್ನು ಕೈಯಾರೆ ಚೆಲ್ಲುವ ಅಪಾಯಕ್ಕೆ ಒಡ್ಡಿಕೊಂಡಂತೆಯೇ ಸರಿ.

ಈ ಸಂಧಿಯಲ್ಲಿ ೨೦೧೩ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಲಿವರ್ಮೋರ್ ರಾಷ್ಟ್ರೀಯ ಪ್ರಯೋಗಾಲಯದ ಟಾಡ್ ಗ್ಯಾಂಬ್ಲಿನ್ ಸ್ಪ್ಯಾಕ್ ಎಂಬ ಪ್ಯಾಕೇಜ್ ಮ್ಯಾನೇಜರನ್ನು ಪೈಥಾನ್ ಭಾಷೆಯಲ್ಲಿ ಬರೆಯಲಾರಂಭಿಸಿದರು. ೨೦೧೫ರ ಸೂಪರ್‌ಕಂಪ್ಯೂಟಿಂಗ್ ಸಮ್ಮೇಳನದಲ್ಲಿ ಅದನ್ನು ವಿವರಿಸುವ ಪ್ರಬಂಧ ಮಂಡಿತವಾಯಿತು. ಹ್ಯಾಷ್ ಹೊತ್ತ ಪ್ರತ್ಯೇಕ ಡೈರೆಕ್ಟರಿಗಳ ಕ್ರಮವನ್ನು ನಿಕ್ಸಿನಂತೆಯೇ ಅನುಸರಿಸಿದ ಸ್ಪ್ಯಾಕ್, ಅದರ ಮಡಿಯನ್ನು ಮಾತ್ರ ಅನುಸರಿಸಲಿಲ್ಲ. ಬಳಸುವವನು ಪ್ಯಾಕೇಜಿನ ಹೆಸರನ್ನು ಬರೆದು, @ ಚಿಹ್ನೆಯ ಮುಂದೆ ಆವೃತ್ತಿಯನ್ನೂ, % ಚಿಹ್ನೆಯ ಮುಂದೆ ಕಂಪೈಲರನ್ನೂ, ^ ಚಿಹ್ನೆಯ ಮುಂದೆ ಆಶ್ರಯಿಸಬೇಕಾದ ಲೈಬ್ರರಿಯನ್ನೂ ಸೂಚಿಸಿದರೆ, ಹೇಳದೆ ಬಿಟ್ಟ ಅಂಶಗಳನ್ನೆಲ್ಲ ಸ್ಪ್ಯಾಕ್ ತಾನೇ ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಳ್ಳುವಾಗ ಅದು ಯಾರ ಮಾತನ್ನು ಕೇಳಬೇಕೆಂಬುದು ‘ಪ್ಯಾಕೇಜಸ್’ ಎಂಬ ಯಾಮಲ್ ಕಡತದಲ್ಲಿ ಲಿಖಿತವಾಗಿರುತ್ತದೆ.

ಆ ಕಡತದ ಒಂದು ನಮೂದಿನಲ್ಲಿ ಇರುವುದು ಕೆಲವೇ ಸಾಲುಗಳು. ಓಪನ್ ಎಂಪಿಐ ಎಂಬ ಹೆಸರಿನ ಕೆಳಗೆ ‘ಎಕ್ಸ್‌ಟರ್ನಲ್ಸ್’ ಎಂಬ ಶೀರ್ಷಿಕೆ. ಅದರಡಿಯಲ್ಲಿ, ಇದು ಇಂಥ ಆವೃತ್ತಿಯದು, ಇಂಥ ಕಂಪೈಲರಿನಿಂದ ಕಟ್ಟಿದ್ದು ಎಂಬ ಒಂದು ಸಾಲು. ಇದು ಇಂಥ ಡೈರೆಕ್ಟರಿಯಲ್ಲಿದೆ ಎಂಬ ಇನ್ನೊಂದು ಸಾಲು. ಇಷ್ಟನ್ನೇ ಬರೆದರೆ, ಕೇಳಿದ ಲಕ್ಷಣಗಳು ಹೊಂದದಿದ್ದಾಗ ಸ್ಪ್ಯಾಕ್ ಹೊಸದೊಂದನ್ನು ಕಟ್ಟಲು ಹೊರಟೀತು. ಹಾಗೆ ಮಾಡಕೂಡದೆಂದಿದ್ದರೆ ‘ಬಿಲ್ಡಬಲ್’ ಎಂಬುದರ ಮುಂದೆ ‘ಫಾಲ್ಸ್’ ಎಂದು ಬರೆಯಬೇಕು. ಮತ್ತೊಂದು ಭಾಗದಲ್ಲಿ, ಎಂಪಿಐ ಬೇಕೆಂದಾಗ ಯಾವುದಕ್ಕೆ ಮೊದಲ ಮಣೆ, ಬ್ಲಾಸ್ ಬೇಕೆಂದಾಗ ಯಾವುದಕ್ಕೆ ಎಂಬ ತಾರತಮ್ಯವನ್ನು ಸಾಲಾಗಿ ನಮೂದಿಸಬಹುದು. ನಿವೇಶನದಲ್ಲಿ ಹಿಂದಿನವರು ತೋಡಿಸಿದ ಸಿಹಿನೀರಿನ ಬಾವಿಯಿದ್ದರೆ ಮನೆಯ ನಕ್ಷೆಯಲ್ಲಿಯೇ ಅದನ್ನು ಗುರುತಿಸಿ, ಹೊಸದನ್ನು ತೋಡಬೇಡವೆಂದು ಮೇಸ್ತ್ರಿಗೆ ಬರೆದುಕೊಟ್ಟಂತೆ ಇದು. ನೀರು ಸಿಹಿಯೆಂಬುದಕ್ಕೆ ಹೊಣೆ ಮಾತ್ರ ಬರೆದುಕೊಟ್ಟವನದು. ಏಕೆಂದರೆ ಹೀಗೆ ಕೈಯಿಂದ ಬರೆದ ಆವೃತ್ತಿ ನಿಜವೇ, ಕಂಪೈಲರ್ ಅದೇ ಹೌದೇ ಎಂದು ಸ್ಪ್ಯಾಕ್ ಪರೀಕ್ಷಿಸದೆ, ಬರೆದುದನ್ನು ಪ್ರಮಾಣವೆಂದೇ ಸ್ವೀಕರಿಸುತ್ತದೆ. ಮುಂದೆ ಯಂತ್ರದಲ್ಲಿರುವುದನ್ನು ತಾನೇ ಹುಡುಕಿ ನಮೂದಿಸುವ ಆಜ್ಞೆಯೂ ಬಂದಿತು. ಆದರೆ ಕಂಡದ್ದರಲ್ಲಿ ನಂಬತಕ್ಕದ್ದು ಯಾವುದೆಂಬ ವಿವೇಚನೆ ಮನುಷ್ಯನಿಗೇ ಉಳಿದಿದೆ.

ಕಂಪೈಲರಿನ ಆಯ್ಕೆಗೆ ಇಂಥ ಸರಿಯಾದ ಸ್ಥಾನ ದೊರೆಯಲು ಇನ್ನಷ್ಟು ಕಾಲ ಹಿಡಿಯಿತು. ಮೊದಮೊದಲು ಅದಕ್ಕೆ ಬೇರೆಯೇ ಒಂದು ಕಡತವಿದ್ದು, ಸಿ, ಸಿ ಪ್ಲಸ್ ಪ್ಲಸ್, ಹಳೆಯ ಫಾರ್ಟ್ರಾನ್, ಹೊಸ ಫಾರ್ಟ್ರಾನ್ ಎಂಬ ನಾಲ್ಕರ ಜಾಗವನ್ನೂ ಒಂದೇ ಕಂಪೈಲರಿನ ಹೆಸರಿನಲ್ಲಿ ಬರೆಯಬೇಕಿತ್ತು. ಮ್ಯಾಕ್ ಗಣಕಗಳಲ್ಲಿ ಆಪಲ್‌ನವರ ಕ್ಲ್ಯಾಂಗ್‌ನೊಡನೆ ಫಾರ್ಟ್ರಾನ್ ಬರುವುದಿಲ್ಲವಾದುದರಿಂದ, ಜನ ಕ್ಲ್ಯಾಂಗ್‌ನ ನಮೂದಿನಲ್ಲಿಯೇ ಗ್ನೂ ಫಾರ್ಟ್ರಾನಿನ ದಾರಿಯನ್ನು ತುರುಕಿ ಕಾಲ ಹಾಕುತ್ತಿದ್ದರು. ಆಯ್ಕೆಗಳನ್ನು ಪೂರ್ಣಗೊಳಿಸುವ ಹಳೆಯ ಕ್ರಮಕ್ಕೂ ಒಂದು ದೌರ್ಬಲ್ಯವಿತ್ತು: ಒಮ್ಮೆ ಮಾಡಿದ ತೀರ್ಮಾನವನ್ನು ಹಿಂತೆಗೆದುಕೊಂಡು ಬೇರೆ ದಾರಿ ಹಿಡಿಯಲು ಅದಕ್ಕೆ ಬಾರದು. ಜರ್ಮನಿಯ ಪಾಟ್ಸ್‌ಡ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಬೆಳೆದ ಕ್ಲಿಂಗೋ ಎಂಬ ತರ್ಕಸಾಧನವನ್ನು ೨೦೨೦ರಲ್ಲಿ ಪ್ರಾಯೋಗಿಕವಾಗಿಯೂ, ೨೦೨೧ರಿಂದ ಸಾಮಾನ್ಯ ಕ್ರಮವಾಗಿಯೂ ಅಳವಡಿಸಿಕೊಂಡ ಮೇಲೆ ಈ ಕೊರತೆ ನೀಗಿತು. ೨೦೨೨ರಿಂದ ಸ್ಪ್ಯಾಕ್ ಮೊದಲೇ ಕಟ್ಟಿಟ್ಟ ಪ್ಯಾಕೇಜುಗಳನ್ನು ತಾನಾಗಿ ಮರುಬಳಸತೊಡಗಿದುದರಿಂದ, ‘ಇದಿದ್ದರೆ ಒಳ್ಳೆಯದು’ ಎಂಬ ಸೌಮ್ಯವಾದ ಇಷ್ಟ ಹಿಂದೆ ಸರಿಯುವುದೂ ಉಂಟಾಯಿತು. ‘ಇದೇ ಆಗಬೇಕು’ ಎಂಬ ಕಡ್ಡಾಯದ ವಿಧಿಯನ್ನು ಬರೆಯುವ ಅವಕಾಶವೂ ಆ ಕಾಲದಲ್ಲಿಯೇ ಬೆಳೆಯಿತು. ಕೊನೆಗೆ ೨೦೨೫ರ ಜುಲೈನಲ್ಲಿ ಹೊರಬಿದ್ದ ೧.೦ ಆವೃತ್ತಿಯಲ್ಲಿ ಕಂಪೈಲರ್ ಕೂಡ ಉಳಿದ ಪ್ಯಾಕೇಜುಗಳ ಪಂಕ್ತಿಯಲ್ಲಿಯೇ ಕುಳಿತಿತು; ಸಿ ಭಾಷೆಗೊಂದು, ಫಾರ್ಟ್ರಾನಿಗೊಂದು ಎಂದು ಪ್ರತ್ಯೇಕವಾಗಿ ಆರಿಸಬಹುದಾಯಿತು; ಯಂತ್ರದಲ್ಲಿರುವ ಕಂಪೈಲರನ್ನು ಯಂತ್ರದಲ್ಲಿರುವ ಲೈಬ್ರರಿಯಂತೆಯೇ, ಅದೇ ಕಡತದಲ್ಲಿ, ಅದೇ ರೀತಿಯಲ್ಲಿ ನಮೂದಿಸುವುದು ಕ್ರಮವಾಯಿತು.

ಹಾಗಾದರೆ ಯಾವುದನ್ನು ಇದ್ದಹಾಗೆ ಒಪ್ಪತಕ್ಕದ್ದು, ಯಾವುದನ್ನು ಕಟ್ಟತಕ್ಕದ್ದು? ಜಾಲಕ್ಕೆ ಅಂಟಿದ ಎಂಪಿಐಯನ್ನೂ, ಕೆಲಸಗಳನ್ನು ಸರದಿಯಲ್ಲಿ ಹಂಚುವ ಸ್ಲರ್ಮನ್ನೂ, ಸುರಕ್ಷತೆಯ ತಿದ್ದುಪಡಿಗಳನ್ನು ವ್ಯವಸ್ಥೆಯ ಮೂಲಕವೇ ಪಡೆಯುವ ಓಪನ್ ಎಸ್ಎಸ್ಎಲ್ಅನ್ನೂ ಯಂತ್ರದಿಂದಲೇ ಸ್ವೀಕರಿಸುವುದು ವಿವೇಕ. ಕಂಪೈಲರ್ ಬದಲಾದರೆ ಬದಲಾಗಲೇಬೇಕಾದ ಫಾರ್ಟ್ರಾನ್, ಸಿ ಪ್ಲಸ್ ಪ್ಲಸ್ ಲೈಬ್ರರಿಗಳನ್ನು ತಾನೇ ಕಟ್ಟಿಕೊಳ್ಳುವುದು ಕ್ಷೇಮ. ಈ ವಿಭಜನೆ ಹಿಂದಿನವರಿಗೆ ತಿಳಿಯದಿದ್ದುದೇನೂ ಅಲ್ಲ. ತಿಳಿದುದನ್ನು ಇಟ್ಟುಹೋಗಲು ಅವರಿಗೆ ಸ್ಥಳವಿರಲಿಲ್ಲ, ನಮಗುಂಟು. ಆದರೆ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಿದ ದಿನವೇ ಆ ಕಡತದ ಸಾಲುಗಳು ಸುಳ್ಳಾಗಬಲ್ಲವು; ಸ್ಪ್ಯಾಕ್ ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ನಂಬಿ ಕಟ್ಟುತ್ತಾ ಹೋಗುತ್ತದೆ. ಆದುದರಿಂದ ಯಂತ್ರವನ್ನು ಮುಟ್ಟುವ ಅಧಿಕಾರ ಯಾರಿಗಿದೆಯೋ, ಕಡತವನ್ನು ತಿದ್ದುವ ಹೊಣೆಯೂ ಅವರಿಗೇ ಇರಬೇಕು. ಎರಡನ್ನೂ ಬೇರೆ ಬೇರೆ ಕೈಗಳಿಗೆ ಒಪ್ಪಿಸಿದ ಕಡೆಗಳಲ್ಲಿ ಲಿಖಿತವಾದ ಜ್ಞಾನವೂ ಹಳೆಯ ನೆನಪಿನಷ್ಟೇ ಬೇಗ ಕೆಡುತ್ತದೆ.