ಗುಂಡಿ, ಪರದೆ, ಮಾತು: ಹೊಂಬಳದ ದಾರಿಯಲ್ಲಿ ಡಿಜಿಟಲ್ ಕಾಕ್‌ಪಿಟ್

ಸ್ಪೀಡೋಮೀಟರ್, ರೇಡಿಯೋ, ಎಸಿ ಎಂದು ಬಿಡಿಬಿಡಿಯಾಗಿದ್ದ ಕಾರಿನ ಭಾಗಗಳು ಈಗ ಒಂದೇ ಚಿಪ್ಪಿನ ಹಿಡಿತಕ್ಕೆ ಬರುತ್ತಿವೆ. ವಾಹನೋದ್ಯಮ ಡಿಜಿಟಲ್ ಕಾಕ್‌ಪಿಟ್ ಎನ್ನುವುದು ಇದನ್ನೇ. ಚಿಪ್ ಒಂದಾದರೂ ಅದರ ಮೇಲೆ ಸಾಮಾನ್ಯವಾಗಿ ಎರಡು ಆಪರೇಟಿಂಗ್ ಸಿಸ್ಟಂಗಳಿರುತ್ತವೆ: ವೇಗ ಮತ್ತು ಎಚ್ಚರಿಕೆಯ ದೀಪಗಳಿಗೆ ಒಂದು, ಹಾಡು, ನಕ್ಷೆಗಳಿಗೆ ಇನ್ನೊಂದು. ಹಾಡಿನ ಆ್ಯಪ್ ಕೆಟ್ಟು ನಿಂತರೂ ವೇಗದ ಅಂಕಿ ಅಳಿಯಬಾರದೆಂದು ಎರಡರ ನಡುವೆ ತಡೆ ಇಡುತ್ತಾರೆ. ಈ ಬಗೆಯ ಸಾಫ್ಟ್‌ವೇರ್ ಕೆಲಸಕ್ಕೆ ಬೆಂಗಳೂರು ದೊಡ್ಡ ಕೇಂದ್ರ. ಮರ್ಸಿಡಿಸ್-ಬೆಂಜ್‌ನ ಸಂಶೋಧನಾ ಕೇಂದ್ರ 1996ರಿಂದ ಅಲ್ಲಿದೆ. ಬಾಷ್, ಹರ್ಮನ್ ಕಂಪನಿಗಳ ಎಂಜಿನಿಯರರೂ ಅಲ್ಲಿದ್ದಾರೆ. 2018ರಲ್ಲಿ ಏಥರ್ ಅದೇ ಊರಿನಲ್ಲಿ ಮಾರುಕಟ್ಟೆಗೆ ಬಿಟ್ಟ 450 ಸ್ಕೂಟರಿಗೇ 7 ಇಂಚಿನ ಟಚ್‌ಸ್ಕ್ರೀನ್ ಇತ್ತು.

ಇಂಥ ಪರದೆಯ ಗುಣವನ್ನು ಅದರ ಅಗಲದಿಂದಲ್ಲ, ಅದು ಚಾಲಕನ ಕಣ್ಣನ್ನು ರಸ್ತೆಯಿಂದ ಎಷ್ಟು ಹೊತ್ತು ಕೀಳುತ್ತದೆ ಎಂಬುದರಿಂದ ಅಳೆಯಬೇಕೆಂಬುದು ಈ ಟಿಪ್ಪಣಿಯ ವಾದ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರಲ್ಲಿ ಇದಕ್ಕೊಂದು ಮಿತಿ ಸೂಚಿಸಿತು: ಒಂದು ನೋಟ 2 ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡ್ ಮೀರಬಾರದು. 2022ರಲ್ಲಿ ಸ್ವೀಡನ್ನಿನ ‘ವಿ ಬಿಲಾಗರೆ’ ಪತ್ರಿಕೆ ಗಂಟೆಗೆ 110 ಕಿ.ಮೀ. ವೇಗದಲ್ಲಿ ಕಾರುಗಳನ್ನು ಓಡಿಸಿ, ರೇಡಿಯೋ ಹಚ್ಚುವುದು, ಬಿಸಿ ಹೆಚ್ಚಿಸುವುದು ಮುಂತಾದ ನಾಲ್ಕು ಕೆಲಸ ಮಾಡಿಸಿತು. ಗುಂಡಿಗಳೇ ಇದ್ದ 2005ರ ವೋಲ್ವೋ ವಿ70ಯಲ್ಲಿ ಅವು 10 ಸೆಕೆಂಡಿನಲ್ಲಿ, 306 ಮೀಟರಿನೊಳಗೆ ಮುಗಿದವು. ಎಲ್ಲಕ್ಕಿಂತ ಹಿಂದುಳಿದ ಹೊಸ ಕಾರು, ಎಂಜಿ ಮಾರ್ವೆಲ್ ಆರ್, ಅಷ್ಟಕ್ಕೇ 1,372 ಮೀಟರ್ ಕ್ರಮಿಸಿತು. ಚಾಲಕರಿಗೆ ಕಾರುಗಳ ಪರಿಚಯ ಮಾಡಿಕೊಳ್ಳಲು ಮೊದಲೇ ಸಮಯ ಕೊಟ್ಟಿದ್ದರು. ಹಾಗಾಗಿ ಅಭ್ಯಾಸವಾದರೆ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನ ನನಗೆ ಒಪ್ಪಿತವಲ್ಲ.

ಆ ಪರೀಕ್ಷೆ ನಡೆದದ್ದು ಖಾಲಿ ವಿಮಾನ ಓಡುದಾರಿಯಲ್ಲಿ. ಗದಗದಿಂದ ಹೊಂಬಳಕ್ಕೆ ಹೋಗುವಂಥ ಎರೆಭೂಮಿಯ ದಾರಿಗಳಲ್ಲಿ ಚಕ್ಕಡಿ ಸಿಗುತ್ತದೆ, ಕುರಿಹಿಂಡು ಸಿಗುತ್ತದೆ, ಹಿಂದೆ ದೀಪವಿಲ್ಲದ ಟ್ರೇಲರ್ ಸಿಗುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೇ ಬೆಳೆ ಹರವಿರುತ್ತಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ 2 ಸೆಕೆಂಡ್ ಎಂದರೆ 33 ಮೀಟರ್. ಅಮೆರಿಕದ ಮಿತಿಯೊಳಗೇ ಇದ್ದರೂ ಇಲ್ಲಿ ಅದು ಹೆಚ್ಚಾಯಿತು.

ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್, ಅಪಾಯದ ದೀಪ, ತುರ್ತು ಕರೆ ಇವುಗಳಿಗೆ ಬೇರೆ ಗುಂಡಿ ಅಥವಾ ಸನ್ನೆಕಡ್ಡಿ ಇದ್ದರೆ ಅಂಕ ಕೊಡುವ ನಿಯಮ ತಂದಿದೆ. ನಮ್ಮಲ್ಲಿ 2023ರಲ್ಲಿ ಶುರುವಾದ ಅದೇ ಬಗೆಯ ಭಾರತ್ ಎನ್‌ಕ್ಯಾಪ್ ವಯಸ್ಕರ ರಕ್ಷಣೆ, ಮಕ್ಕಳ ರಕ್ಷಣೆ, ಸುರಕ್ಷತಾ ಸಾಧನ ಎಂಬ ಮೂರು ತಲೆಬರಹಗಳಡಿ ಕಾರನ್ನು ಅಳೆಯತೊಡಗಿತು. ಗುಂಡಿಗಳ ವಿಚಾರವೂ ಅದರಲ್ಲಿ ಸೇರಬೇಕು.

ಕಣ್ಣಿಗೆ ಬಿಡುವು ಕೊಡಬಲ್ಲದ್ದು ಮಾತು. ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲಿ ದಾರಿ ಹೇಳುತ್ತಿದೆ. ಆದರೆ ಹೇಳುವುದು ಸುಲಭ, ಕೇಳಿ ತಿಳಿಯುವುದು ಕಷ್ಟ. ‘ಗ್ಲಾಸ್ ಇಳಸು’, ‘ಎಸಿ ಕಡಿಮಿ ಮಾಡು’, ‘ಬಲಕ್ಕ ಹೊಳ್ಳಬೇಕೇನು’ ಎಂಬ ಗದಗಿನ ಮಾತು, ‘ಬಲಕ್ಕೆ ತಿರುಗಬೇಕೇ’ ಎಂಬ ಪುಸ್ತಕದ ಕನ್ನಡದಲ್ಲಿ ಪಳಗಿದ ಯಂತ್ರಕ್ಕೆ ತಿಳಿಯುತ್ತದೆಂದು ನಂಬಲಾಗದು. ತಿಳಿಯದಿದ್ದರೆ ಚಾಲಕ ಎರಡನೇ ಸಲ ಕೂಗುತ್ತಾನೆ, ಮೂರನೇ ಸಲ ಪರದೆಗೆ ಬೆರಳಿಡುತ್ತಾನೆ. ಕಣ್ಣು ರಸ್ತೆ ಬಿಟ್ಟೇ ಬಿಡುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಉಪಭಾಷೆಗಳ ದನಿ ಸಂಗ್ರಹಿಸಿದೆ. ಇದು ಬೆಲೆಯುಳ್ಳ ಕೆಲಸ. ಅದು ಆಯ್ದುಕೊಂಡ ವಿಷಯಗಳು ಕೃಷಿ ಮತ್ತು ಹಣಕಾಸು. ಮೂರನೆಯದಾಗಿ ಗಾಡಿಯ ಮಾತು ಸೇರಬೇಕು. ದನಿ ಕೊಡಲು ಹೊಂಬಳ, ಮುಂಡರಗಿ, ಲಕ್ಷ್ಮೇಶ್ವರದ ಟಂಟಂ, ಟ್ರ್ಯಾಕ್ಟರ್, ಬಾಡಿಗೆ ಕಾರಿನ ಚಾಲಕರನ್ನು ಕರೆಯಬೇಕು. ಧ್ವನಿಮುದ್ರಣವನ್ನು ಸ್ಟುಡಿಯೋ ಬಿಟ್ಟು, ಕಿಟಕಿ ತೆಗೆದು ಓಡುತ್ತಿರುವ ಗಾಡಿಯೊಳಗೇ ಮಾಡಬೇಕು.